ಎರಡು ಚಂದ್ರರ ನಾಣ್ಯ

ನಮ್ಮೂರಿನಲ್ಲಿ ಚಿನ್ನದ ಗಟ್ಟಿ ಮಾರಿದರೆ ಹೋಗುತ್ತದೆ, ನಾಣ್ಯ ಮಾರಿದರೆ ವಾಪಸ್ ಬರುತ್ತದೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಒಂದು ನಾಣ್ಯವನ್ನು ಒಮ್ಮೆ ಕೈಯಲ್ಲಿ ಹಿಡಿದು, ಆಮೇಲೆ ಮನಸ್ಸಿನಿಂದ ಬಿಡದವರು ಊರಿನಲ್ಲಿ ಯಾರಾದರೂ ಇದ್ದರೆ, ಮಾರಿದ ಮೂರನೆಯ ಬೆಳಿಗ್ಗೆ ಎಂಟು ಗಂಟೆಯೊಳಗೆ ಅದು ಅವರ ಮನೆಯಲ್ಲಿರುತ್ತದೆ. ಅಕ್ಕಿ ಡಬ್ಬಿಯಲ್ಲಿ ಸಿಗಬಹುದು, ದಿಂಬಿನ ಚೀಲದಲ್ಲಿ ಸಿಗಬಹುದು, ಒಗೆಯಲು ಹಾಕಿದ ಲಂಗದ ಮಡಿಕೆಯಲ್ಲೂ ಸಿಗಬಹುದು. ಕೊಂಡವರು ಕಬ್ಬಿಣದ ತಿಜೋರಿಯಲ್ಲಿಟ್ಟು ಅದರ ಮೇಲೆ ಕೂತಿದ್ದರೂ ಅಷ್ಟೇ. ಗಟ್ಟಿಗೆ ಈ ಗೋಜಿಲ್ಲ, ಮಾರಿದರೆ ತಿರುಗಿ ನೋಡದೆ ಹೋಗುತ್ತದೆ. ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ ಕಾಸುಗಳು ಅರೆಮನಸ್ಸಿನಿಂದ ಹೊಸ್ತಿಲವರೆಗೆ ಬಂದು ಅಲ್ಲೇ ಬಿದ್ದಿರುತ್ತವೆ, ಗುಡಿಸುವಾಗ ಸಿಗುತ್ತವೆ. ಬ್ಯಾಂಕಿನವರು ಪ್ಲಾಸ್ಟಿಕ್ ಕಾರ್ಡಿನೊಳಗೆ ಮುಚ್ಚಿ ಕೊಡುವ ನಾಣ್ಯ ಮಾತ್ರ ಇದುವರೆಗೆ ಒಂದೂ ಹಿಂದಿರುಗಿಲ್ಲ. ಅದು ನಾಣ್ಯದ ವೇಷ ಹಾಕಿಕೊಂಡ ಗಟ್ಟಿ ಎಂದು ನನ್ನ ಅಭಿಪ್ರಾಯ.

ನಮ್ಮ ಅಂಗಡಿಗೆ ಬಾಗಿಲು ಒಂದೇ, ಕಟ್ಟೆ ಎರಡು. ಎಡಗಡೆಯ ಕಟ್ಟೆ ನನ್ನ ಅಣ್ಣ ಮೌನೇಶಾಚಾರಿಯದು. ಅಲ್ಲಿ ಕುಲುಮೆ, ಮೂಸೆ, ಇಕ್ಕಳ, ತಕ್ಕಡಿ ಇವೆ. ಬೆಳಗಿನ ಪತ್ರಿಕೆಯ ಚಿನ್ನದ ದರವನ್ನು ಅಣ್ಣ ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತಾನೆ. ಯಾರೇ ಬರಲಿ, ಏನೇ ತರಲಿ, ಒರೆಗಲ್ಲಿಗೆ ಉಜ್ಜಿ, ತೂಗಿ, ಕರಗಿಸಿ, ಹಣ ಎಣಿಸಿ ಕೊಡುತ್ತಾನೆ. ಬಂದವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬಲಗಡೆಯ ಕಟ್ಟೆ ತಂಗಿ ಗಾಯತ್ರಿಯದು, ಅಂದರೆ ನನ್ನದು. ಅಲ್ಲಿರುವುದು ಒಂದು ಭೂತಗನ್ನಡಿ, ಮಖಮಲ್ಲಿನ ಚೂರು ಹಾಸಿದ ಮರದ ಖಾನೆಗಳು, ಮತ್ತು ನನ್ನ ಬಾಯಿ. ನಾನು ನಾಣ್ಯಗಳಿಗೆ ನಾಣ್ಯವೆಂದೇ ಬೆಲೆ ಕಟ್ಟುತ್ತೇನೆ. ಯಾರು ಅಚ್ಚು ಹಾಕಿಸಿದರು, ಎಷ್ಟು ಉಳಿದಿವೆ, ಅಂಚು ಸವೆದಿದೆಯೇ, ಇದಕ್ಕಾಗಿ ಊಟ ಬಿಟ್ಟು ಓಡಿ ಬರುವ ಹುಚ್ಚರು ಯಾವ ಊರಿನಲ್ಲಿದ್ದಾರೆ ಎಂಬುದೆಲ್ಲ ನೋಡಬೇಕು. ಒಂದು ವ್ಯಾಪಾರಕ್ಕೆ ತಿಂಗಳುಗಳೇ ಹಿಡಿಯುತ್ತವೆ. "ಚಿನ್ನ ಅಂದ್ರ ತೂಕ. ಉಳಿದಿದ್ದೆಲ್ಲಾ ಕಥಿ" ಎಂದು ಅಣ್ಣ ದಿನಕ್ಕೆ ಒಂದು ಸಲವಾದರೂ ಹೇಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಮನೆಯೂ ಅಂಗಡಿಯ ಹಿಂದೆಯೇ. ಅಣ್ಣನಿಗೆ ಮದುವೆಗೆ ಪುರುಸೊತ್ತು ಸಿಗಲಿಲ್ಲ, ನನಗೆ ಮನಸ್ಸು ಬರಲಿಲ್ಲ. ಹೀಗಾಗಿ ಇರುವವರು ನಾವಿಬ್ಬರೇ.

ನಾಣ್ಯ ಮಾರುವ ಮೊದಲು ನಮ್ಮಲ್ಲಿ ಬಿಡುಮಾತು ಎಂಬ ಪದ್ಧತಿ ಇದೆ. ಆ ನಾಣ್ಯವನ್ನು ಹಿಡಿದವರೆಲ್ಲ ಒಬ್ಬೊಬ್ಬರಾಗಿ ಕೂತು, ಅದರ ಬಗ್ಗೆ ಮನಸ್ಸಿನಲ್ಲಿ ಏನೇನಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ಕೇಳುವವರು ಹೂಂಗುಟ್ಟಬೇಕೇ ಹೊರತು ಬೇರೆ ಮಾತಾಡಬಾರದು. ಪೂರ್ತಿ ಹೇಳಿದರೆ ಮನಸ್ಸು ಬಿಡುತ್ತದೆ, ನಾಣ್ಯ ಹೋದದ್ದು ಹೋಗುತ್ತದೆ. ಸ್ವಲ್ಪ ಬಚ್ಚಿಟ್ಟರೂ ಮೂರನೆಯ ಬೆಳಿಗ್ಗೆ ಗುಟ್ಟು ರಟ್ಟು. ಇಪ್ಪತ್ತು ವರ್ಷದಿಂದ ಹೂಂಗುಟ್ಟುವ ಕೆಲಸ ನನ್ನದು. ಈ ಊರಿನ ಯಾವ ಸೊಸೆ ಯಾವ ನಾಣ್ಯ ಇಟ್ಟುಕೊಂಡು ಯಾವ ಊರಿಗೆ ಓಡಿಹೋಗಬೇಕೆಂದಿದ್ದಳು ಎಂಬುದು ನನಗೆ ಗೊತ್ತು. ಹೇಳುವುದಿಲ್ಲ, ಅಷ್ಟೇ.

ಇಂಥ ಅಂಗಡಿಗೆ ಒಂದು ಮಧ್ಯಾಹ್ನ ದ್ಯಾಮವ್ವ ಬಂದಳು. ದ್ಯಾಮವ್ವ ನಮ್ಮೂರಿನ ಏಕೈಕ ಬಸ್ಸನ್ನು ತೊಳೆಯುವವಳು. ಹದಿನೆಂಟು ವರ್ಷದಿಂದ ದಿನಾ ಸಂಜೆ ಶೆಡ್ಡಿನ ಹಿಂದಿನ ಬಾವಿಯ ಹತ್ತಿರ ಬಸ್ಸು ತೊಳೆದು, ತಾನೇ ಸ್ಟೇರಿಂಗ್ ಹಿಡಿದು ಶೆಡ್ಡಿನೊಳಗೆ ತಂದು ನಿಲ್ಲಿಸುತ್ತಾಳೆ. ಬಾವಿಯಿಂದ ಶೆಡ್ಡಿಗೆ ಇನ್ನೂರು ಹೆಜ್ಜೆ. ಲೈಸೆನ್ಸ್ ಮಾಡಿಸಿಕೊಂಡು ಆರು ವರ್ಷವಾದರೂ ಆ ಇನ್ನೂರು ಹೆಜ್ಜೆಯ ಆಚೆ ಬಸ್ಸನ್ನು ಓಡಿಸಲು ಮಾಲೀಕ ಅವಳಿಗೆ ಕೊಟ್ಟಿರಲಿಲ್ಲ. ಈಗ ಮಾಲೀಕ ಊರು ಬಿಡುತ್ತಿದ್ದ. ಬಸ್ಸು ಹರಾಜಿಗೆ ಬಂದಿತ್ತು. ಕೊಳ್ಳಲು ಹೊಂಚು ಹಾಕಿದ್ದವನು ಗುಜರಿ ವ್ಯಾಪಾರಿ ಒಬ್ಬನೇ, ಅವನಿಗೆ ಬೇಕಾಗಿದ್ದದ್ದು ಕಬ್ಬಿಣದ ತೂಕ. ದ್ಯಾಮವ್ವನಿಗೆ ಬಸ್ಸೇ ಬೇಕಿತ್ತು.

ಬಂದವಳು ನೇರ ಅಣ್ಣನ ಕಟ್ಟೆಗೆ ಹೋಗಿ, ಸೊಂಟದ ಸಂಚಿಯಿಂದ ಒಂದು ಕಪ್ಪಿಟ್ಟ ಚಿನ್ನದ ನಾಣ್ಯ ತೆಗೆದು ತಕ್ಕಡಿಯಲ್ಲಿಟ್ಟಳು. "ನಮ್ಮವ್ವಂದು, ಆಚಾರ್ರ. ನೋಡಿ ಹೇಳ್ರಿ, ಇದರಾಗ ಒಂದು ಬಸ್ ಬರ್ತೈತೇನು?" ಎಂದಳು.

ಅಣ್ಣ ತೂಗಿದ. ಯಾವತ್ತಿಗಿಂತ ತುಸು ಹೆಚ್ಚೇ ಹೊತ್ತು ತೂಗಿದನೆಂದು ಈಗ ಅನ್ನಿಸುತ್ತದೆ, ಆಗ ನಾನು ಗಮನಿಸಲಿಲ್ಲ. "ಟಯರ್ ಬರ್ತಾವ" ಎಂದ. "ಎರಡು."

ದ್ಯಾಮವ್ವನ ಮುಖ ಸಪ್ಪಗಾಯಿತು. ಆದರೆ ಅವಳು ಸುಮ್ಮನೆ ಕೂರುವ ಹೆಂಗಸಲ್ಲ. ನಾಣ್ಯ ಕಪ್ಪಗಿರುವುದರಿಂದ ಬೆಲೆ ಕಡಿಮೆಯಾಗಿರಬೇಕೆಂದು ತಿಳಿದು, ಸೆರಗಿನ ಗಂಟಿನಿಂದ ಹುಣಸೆಹಣ್ಣಿನ ಉಂಡೆ ತೆಗೆದಳು. ಬಸ್ಸಿನ ಹಿತ್ತಾಳೆ ಹಿಡಿಕೆಗಳಿಗೆ ಹಚ್ಚಲು ಇಟ್ಟುಕೊಂಡದ್ದು. ಹೆಬ್ಬೆರಳಿನಲ್ಲಿ ಅದನ್ನು ಮೆತ್ತಿ ಇನ್ನೇನು ನಾಣ್ಯಕ್ಕೆ ಉಜ್ಜಬೇಕು, ಅಷ್ಟರಲ್ಲಿ ನಾನು ನನ್ನ ಕಟ್ಟೆಯನ್ನು ಹಾರಿ ಅವಳ ಮಣಿಕಟ್ಟು ಹಿಡಿದು ಕಿರುಚಿದೆ.

"ಉಜ್ಜಬ್ಯಾಡ ದ್ಯಾಮವ್ವಾ! ನಿನ್ನ ಕಾಲಿಗೆ ಬೀಳ್ತೀನಿ, ಉಜ್ಜಬ್ಯಾಡ!"

"ಅಯ್ಯ, ಯಾಕ್ರಿ ಅಕ್ಕಾ? ಹೊಲಸಾಗೈತಲ್ರಿ!"

"ಆ ಹೊಲಸಿಗೇ ರೊಕ್ಕ ಐತಿ!"

ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದೆ. ಒಬ್ಬ ರಾಣಿ ಬಕಪಕ್ಷಿಯ ಮೇಲೆ ಕೂತಿದ್ದಾಳೆ. ಅವಳ ತಲೆಯ ಮೇಲೆ ಚಂದ್ರ. ಅದರ ಪಕ್ಕದಲ್ಲೇ, ಅರ್ಧ ಅದರ ಮೇಲೆ ಅರ್ಧ ಹೊರಗೆ, ಇನ್ನೊಂದು ಚಂದ್ರ! ಅಚ್ಚು ಹೊಡೆಯುವವನ ಕೈ ಜಾರಿ ಎರಡು ಸಲ ಏಟು ಬಿದ್ದಿದೆ. ಹಾಗೆ ತಪ್ಪಿದ ನಾಣ್ಯಗಳನ್ನು ಆಗಿನ ಕಾಲದಲ್ಲೇ ಹುಡುಕಿ ಹುಡುಕಿ ಕರಗಿಸಿದ್ದರು. ಉಳಿದವು ಮೂರೋ ನಾಲ್ಕೋ ಎಂದು ಕೇಳಿದ್ದೆ, ಕಂಡಿರಲಿಲ್ಲ. ಅದು ನನ್ನ ಅಂಗೈಯಲ್ಲಿತ್ತು! ಇಪ್ಪತ್ತು ವರ್ಷ ನಾನು ಈ ಕಟ್ಟೆಯ ಹಿಂದೆ ಕೂತದ್ದು ಆ ಕ್ಷಣಕ್ಕಾಗಿಯೇ ಎಂದು ಅನ್ನಿಸಿತು.

"ಇದು ನಿನಗ ಬಸ್ ಕೊಡಸ್ತೈತಿ. ಮ್ಯಾಲ ಆರೂ ಟಯರ್ ಹೊಸಾವು" ಎಂದೆ. ದ್ಯಾಮವ್ವ ಅಲ್ಲೇ ಅಂಗಡಿಯೊಳಗೆ ಒಂದು ಸುತ್ತು ಕುಣಿದಳು.

ಇಂಥ ನಾಣ್ಯಕ್ಕೆ ನನಗೆ ಗೊತ್ತಿದ್ದ ಗಿರಾಕಿ ಒಬ್ಬರೇ, ಕರಾವಳಿ ಕಡೆಯ ಪುಂಡಲೀಕ ಶೆಣೈ. ಹರಾಜಿಗೆ ಒಂಬತ್ತು ದಿನ ಉಳಿದಿದ್ದಾಗ, ಒಂದು ಸೋಮವಾರ, ಅವರು ರೈಲಿನಲ್ಲಿ ಬಂದಿಳಿದರು. ಕೈಗೆ ಬಿಳಿ ಹತ್ತಿಯ ಗವಸು ಹಾಕಿಕೊಂಡು ಕಾಲು ಗಂಟೆ ನಾಣ್ಯ ನೋಡಿದರು. ಅವರ ಕನ್ನಡಕದ ಗಾಜು ಮಂಜಾಯಿತು. "ಇದಕ್ಕೆ ಹುಳಿ ಮುಟ್ಟಿಸ್ಲಿಲ್ಲ ಅಲ್ವಾ? ನೀವು ದೇವತೆ ಮಾರಾಯ್ತಿ!" ಎಂದರು. ಅವರು ಹೇಳಿದ ಬೆಲೆ ಅಣ್ಣನ ಬೆಲೆಯ ಇಪ್ಪತ್ತು ಪಟ್ಟಿತ್ತು. ನಮ್ಮೂರಿನ ರೀತಿ ಅವರಿಗೆ ಗೊತ್ತು. ನಾಣ್ಯ ಅವರ ಹತ್ತಿರ ಮೂರನೆಯ ಬೆಳಿಗ್ಗೆ ದಾಟುವವರೆಗೆ ಇರಬೇಕು, ಆಮೇಲೆ ಹಣ. ನಾಣ್ಯ ತೆಗೆದುಕೊಂಡು ಅವರು ಲಾಡ್ಜಿನಲ್ಲಿ ಉಳಿದರು.

ದ್ಯಾಮವ್ವನ ಬಿಡುಮಾತು ಎರಡು ನಿಮಿಷಕ್ಕೆ ಮುಗಿದಿತ್ತು. "ಅವ್ವ ಕೊಟ್ಟಿದ್ದು ಕಷ್ಟಕ್ಕ ಆಗ್ಲಿ ಅಂತ. ನನಗ ಕಷ್ಟ ಇಲ್ಲ, ಆಸೆ ಐತಿ. ಆಸೆಗೂ ಆಗ್ತೈತಿ ಅಂತ ಅವ್ವನ್ನ ಕೇಳ್ಕೊಂಡೀನಿ. ಮುಗೀತು" ಎಂದಿದ್ದಳು. ಅವಳ ಗಂಡ ನಿಂಗಪ್ಪನಂತೂ ಜಾಣ, ನಾಣ್ಯ ತೋರಿಸಲು ಹೋದರೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು "ಮುಟ್ಟಿದ್ರ ಮನಸಾಗ್ತೈತಿ" ಎಂದು ದೂರ ನಿಂತಿದ್ದ. ಹಾಗಾಗಿ ನನಗೆ ಯಾವ ಚಿಂತೆಯೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಸಾರಿಗೆ ಉಪ್ಪು ಹಾಕಲೆಂದು ಜಾಡಿಯೊಳಗೆ ಕೈ ಹಾಕಿದೆ. ಬೆರಳಿಗೆ ತಣ್ಣಗೆ, ದುಂಡಗೆ ಏನೋ ಸಿಕ್ಕಿತು. ಹೊರಗೆ ತೆಗೆದರೆ ರಾಣಿ, ಬಕಪಕ್ಷಿ, ಎರಡು ಚಂದ್ರ.

ನಾಚಿಕೆ ಎನ್ನುವುದು ಕಾಲಿನಿಂದ ತಲೆಯವರೆಗೆ ಏರುತ್ತದೆಂದು ಅವತ್ತೇ ಗೊತ್ತಾದದ್ದು. ಯಾಕೆಂದರೆ ನನ್ನಲ್ಲಿ ಕಳ್ಳತನವಿತ್ತು. ದ್ಯಾಮವ್ವ ನಾಣ್ಯ ಕೊಟ್ಟ ದಿನವೇ ನಾನು ಶೆಣೈಯವರಿಗೆ ಫೋನ್ ಮಾಡಬೇಕಿತ್ತು. ಮಾಡಿರಲಿಲ್ಲ. "ಎತ್ತವಲ್ರು" ಎಂದು ದ್ಯಾಮವ್ವನಿಗೆ ಸುಳ್ಳು ಹೇಳಿ, ನಾಲ್ಕು ದಿನ ಆ ನಾಣ್ಯವನ್ನು ನನ್ನ ಖಾನೆಯಲ್ಲಿಟ್ಟುಕೊಂಡಿದ್ದೆ. ದಿನಾ ಊಟವಾದ ಮೇಲೆ ತೆಗೆದು ನೋಡುತ್ತಿದ್ದೆ. ಊರಿನವರಿಗೆಲ್ಲ ಬಿಡುಮಾತು ಹೇಳಿಸುವ ನಾನು ನನ್ನ ಬಾಯಿಯನ್ನು ಹೊಲಿದುಕೊಂಡಿದ್ದೆ.

ಅಣ್ಣ ಬಂದು ನನ್ನ ಅಂಗೈಯನ್ನೂ ಮುಖವನ್ನೂ ನೋಡಿದ. ಬಂದ ಹಾಗೆಯೇ ಹೊರಗೆ ಹೋದ. ನಾನು ದ್ಯಾಮವ್ವನನ್ನೂ ಶೆಣೈಯವರನ್ನೂ ಕರೆಸಿದೆ. ಅಂಗಳದಲ್ಲಿ ದ್ಯಾಮವ್ವನನ್ನು ನನ್ನ ಮಣೆಯ ಮೇಲೆ ಕೂರಿಸಿ, ನಾನು ಎದುರಿಗೆ ನೆಲದ ಮೇಲೆ ಕೂತು, ಎಲ್ಲವನ್ನೂ ಹೇಳಿದೆ. ನಾಲ್ಕು ದಿನದ ಸುಳ್ಳು ಹೇಳಿದೆ. ಇದು ಮಾರದೇ ಹೋದರೆ ನನ್ನಲ್ಲೇ ಉಳಿಯುತ್ತದಲ್ಲ ಎಂದು ಒಂದು ಸಂಜೆ ಯೋಚಿಸಿದ್ದನ್ನೂ ಹೇಳಿದೆ. ಇನ್ನೂರು ನಾಣ್ಯ ಮಾರಿಸಿದರೂ ನನ್ನದು ಅಂತ ಒಂದೂ ಇಲ್ಲ ಎಂದು ಅಳುತ್ತ ಹೇಳಿದೆ.

ದ್ಯಾಮವ್ವ ಹೂಂ, ಹೂಂ ಎಂದು ಕೇಳುತ್ತಿದ್ದವಳು ನಾಲ್ಕು ದಿನದ ಮಾತಿಗೆ ತಡೆಯಲಾರದೆ, "ನಾಕ್ ದಿನಾ? ಅಕ್ಕಾ! ನಾ ಇಲ್ಲಿ ನಿದ್ದಿ ಬಿಟ್ಟು ಕುಂತಿದ್ದೆ!" ಎಂದು ಕೂಗಿದಳು. ಆಮೇಲೆ ತಾನು ಮಾತಾಡಬಾರದೆಂದು ನೆನಪಾಗಿ ಬಾಯಿಗೆ ಸೆರಗು ತುರುಕಿಕೊಂಡಳು. ಎಲ್ಲ ಮುಗಿದ ಮೇಲೆ ನನ್ನ ಮೂಗು ಒರೆಸಿ, "ಆತು ಬಿಡ್ರಿ. ಈಗರ ಬಿಟ್ಟೀರಿಲ್ಲೋ?" ಎಂದು ಕೇಳಿದಳು.

"ಬಿಟ್ಟೆ" ಎಂದೆ. ನಿಜವಾಗಿಯೂ ಎದೆ ಹಗುರಾಗಿತ್ತು. ನಾಣ್ಯ ಮತ್ತೆ ಶೆಣೈಯವರ ಪೆಟ್ಟಿಗೆ ಸೇರಿತು.

ಭಾನುವಾರ ಬೆಳಿಗ್ಗೆ ಅದು ಕಾಫಿ ಪುಡಿಯ ಡಬ್ಬಿಯಲ್ಲಿತ್ತು!

ನನಗೆ ತಲೆ ಕೆಟ್ಟಂತಾಯಿತು. ಇನ್ನೇನು ಉಳಿದಿದೆ ನನ್ನೊಳಗೆ? ಬೇರು ಸಮೇತ ಕಿತ್ತು ಹಾಕಿದ್ದೆನಲ್ಲ! ನನ್ನ ಮನಸ್ಸನ್ನು ನಾನೇ ಮೂಲೆ ಮೂಲೆ ಜಾಲಾಡಿದೆ. ಏನೂ ಸಿಗಲಿಲ್ಲ. ಆದರೂ ನಾಣ್ಯ ಬಂದದ್ದು ನಮ್ಮ ಅಡುಗೆಮನೆಗೆ. ನಾಣ್ಯದ ಹುಚ್ಚು ಇರುವುದು ಈ ಮನೆಯಲ್ಲಿ ನನಗೆ. ಬೇರೆ ಯಾರನ್ನು ದೂರಲಿ? ಊರೂ ಹಾಗೆಯೇ ಲೆಕ್ಕ ಹಾಕಿತು. ಹಾಲು ತಂದವಳು ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದಳು. ಶೆಣೈಯವರು ಮಾತ್ರ ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನಂಗೂ ಪ್ರಾಯ ಆಯ್ತು ಅಮ್ಮಾ. ಹೋಗಿ ಬರುವ ನಾಣ್ಯ ಇಟ್ಕೊಂಡು ನಾನು ಎಂತ ಮಾಡ್ಲಿ? ಸಂಜೆ ಗಾಡಿಗೆ ಹೊರಡ್ತೇನೆ" ಎಂದು ಗವಸು ಮಡಿಸಿ ಜೇಬಿಗಿಟ್ಟುಕೊಂಡರು.

ಇಳಿಹೊತ್ತಿಗೆ ದ್ಯಾಮವ್ವ ನಾಣ್ಯವನ್ನು ಅಣ್ಣನ ಕಟ್ಟೆಯ ಮೇಲಿಟ್ಟಳು. ಅವಳ ಕಣ್ಣು ಒಣಗಿತ್ತು. "ಕರಗಿಸಿಬಿಡ್ರಿ ಆಚಾರ್ರ. ಗಟ್ಟಿ ಆದ್ರ ಎಲ್ಲಿಗೂ ಓಡಿ ಬರೂದಿಲ್ಲ. ಬಸ್ ಇಲ್ಲಂದ್ರ ಒಂದು ಎಮ್ಮೆಕರಾನರ ಬರ್ತೈತಿ."

ಬೇಡವೆನ್ನುವ ಯೋಗ್ಯತೆಯೇ ನನಗೆ ಉಳಿದಿರಲಿಲ್ಲ. ಪ್ರಪಂಚದಲ್ಲಿ ಮೂರೋ ನಾಲ್ಕೋ ಉಳಿದಿರುವುದರಲ್ಲಿ ಒಂದು ಈಗ ಎರಡು ಟಯರಿನ ಬೆಲೆಯ ಚಿನ್ನವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹದಿನೆಂಟು ವರ್ಷದ ಒಂದು ಆಸೆ ಎಮ್ಮೆಕರುವಾಗುತ್ತದೆ. ಎರಡಕ್ಕೂ ನಾನೇ ಕಾರಣ. ಗೋಡೆಗೆ ಮುಖ ಮಾಡಿ ನಿಂತೆ.

ಅಣ್ಣ ತಿದಿ ಒತ್ತಿದ. ಕುಲುಮೆ ಕೆಂಪಾಗಿ, ಆಮೇಲೆ ಬೆಳ್ಳಗಾಯಿತು. ಮೂಸೆಗೆ ಚಿಟಿಕೆ ಬಿಳಿಗಾರ ಹಾಕಿದ. ಇಕ್ಕಳದಲ್ಲಿ ನಾಣ್ಯವನ್ನು ಎತ್ತಿದ ಸದ್ದು ಕೇಳಿಸಿತು. ಮುಂದಿನ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು, ಮೂಸೆಯ ತಳಕ್ಕೆ ಚಿನ್ನ ಬೀಳುವ ಟಣ್ ಎಂಬ ಸಣ್ಣ ಸದ್ದು. ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ಅಣ್ಣ ಕುಲುಮೆಯ ಮುಂದೆ ಇಕ್ಕಳ ಹಿಡಿದು ನಿಂತೇ ಇದ್ದಾನೆ. ನಾಣ್ಯ ಮೂಸೆಯ ಮೇಲೆ ಒಂದು ಗೇಣು ಎತ್ತರದಲ್ಲಿದೆ. ಇಕ್ಕಳ ಬಾಯಿ ಬಿಡುತ್ತಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಡೆಯದ ಕೈ!

"ಅಣ್ಣಾ?" ಎಂದೆ.

"ಇದು ನಿನ್ನ ಹುಡಿಕ್ಕೊಂಡು ಬಂದಿಲ್ಲ ಗಾಯತ್ರಿ" ಎಂದ. ಅವನ ದನಿ ಕುಲುಮೆಯ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ತಿದಿ ಬಿಟ್ಟು, ನಾಣ್ಯವನ್ನು ಕಲ್ಲಿನ ಮೇಲಿಟ್ಟು, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. "ನನ್ನ ಹುಡಿಕ್ಕೊಂಡು ಬಂದೈತಿ."

ದ್ಯಾಮವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಮ್ಮಿಬ್ಬರಿಗೇ ಏಕೆ, ಇಡೀ ಊರಿಗೇ ಹೊಳೆಯದ ವಿಷಯ ಅದು! ನಾಣ್ಯವನ್ನು ಮುಟ್ಟಿದವರಲ್ಲಿ ಅಣ್ಣನೂ ಒಬ್ಬ. ಆದರೆ ಕರಗಿಸುವವನ ಹತ್ತಿರ ಬಿಡುಮಾತು ಕೇಳುವ ಪದ್ಧತಿ ನಮ್ಮೂರಿನಲ್ಲಿ ಯಾವತ್ತೂ ಇರಲಿಲ್ಲ. ಅವನ ಮನಸ್ಸಿನಲ್ಲಿ ತೂಕ ಬಿಟ್ಟರೆ ಬೇರೇನಿರುತ್ತದೆ ಎಂದು ಎಲ್ಲರೂ ತಿಳಿದಿದ್ದೆವು. ಅವನೂ ಹಾಗೆಯೇ ತಿಳಿದಿದ್ದ.

ನಾನು ಅವನೆದುರಿಗೆ ಕೂತೆ. "ಹೇಳಣ್ಣಾ. ನಾ ಕೇಳ್ತೀನಿ."

ಇಕ್ಕಳವನ್ನು ಬದಿಗಿಟ್ಟ. ಆಮೇಲೆ ಹೇಳಿದ. "ನಾ ನಾಣ್ಯ ನೋಡೂದಿಲ್ಲ. ಬೋರಲ ಹಾಕಿ ತೂಗ್ತೀನಿ, ಬೋರಲ ಹಾಕಿ ಮೂಸಿಗೆ ಬಿಡ್ತೀನಿ. ಮಕ ನೋಡಿದ್ರ ಕೈ ಬರೂದಿಲ್ಲಂತ ಅಪ್ಪ ಕಲ್ಸಿದ್ದು. ಮೂವತ್ತು ವರ್ಷದಾಗ ಎಷ್ಟು ಕರಗಿಸೀನೋ, ಒಂದರ ಮಕಾನೂ ಕಂಡಿಲ್ಲ. ಅವತ್ತು ದ್ಯಾಮವ್ವ ತಕ್ಕಡ್ಯಾಗ ಮಕ ಮ್ಯಾಲ ಮಾಡಿ ಇಟ್ಟಳು. ಕಂಡುಬಿಡ್ತು."

"ಹೂಂ" ಎಂದೆ.

"ಎಷ್ಟು ಚಂದ ಐತಿ ಗಾಯತ್ರಿ! ಆ ಹಕ್ಕಿ ಕಾಲು ನೋಡೀಯೇನು, ಎಷ್ಟು ಸಣ್ಣ ಗೆರೀ. ನಾನೂ ಚಿನ್ನದ ಕೆಲಸದಾಂವ. ಆ ಗೆರೀ ಕೊರ್ಯಾಕ ಎಷ್ಟು ದಿನ ಹಿಡ್ದಿರಬೇಕು ಅಂತ ನನಗ ಗೊತ್ತಾಗ್ತೈತಿ. ಆಮ್ಯಾಲ ರಾತ್ರಿಯೆಲ್ಲಾ ಒಂದ ವಿಚಾರ. ಇಂಥಾವು ಎಷ್ಟು ಕರಗಿಸಿದ್ನೋ ನಾನು, ನೋಡದನ." ಮುಂಗೈಯಿಂದ ಕಣ್ಣೊರೆಸಿಕೊಂಡ. ಅಣ್ಣ ಅತ್ತದ್ದನ್ನು ನಾನು ಅಪ್ಪ ತೀರಿಕೊಂಡಾಗಲೂ ನೋಡಿರಲಿಲ್ಲ. "ಇದು ನನಗ ಬ್ಯಾಡ. ಬಸ್ ದ್ಯಾಮವ್ವಂದ. ನನಗ ಇನ್ನೊಮ್ಮೆ ನೋಡಬೇಕನಿಸಿತ್ತು, ಅಷ್ಟ. ಹೇಳಾಕ ನಾಚಿಕಿ. ನಾನ ಎಲ್ಲಾರಿಗೂ ತೂಕ ತೂಕ ಅಂತಿದ್ನಲ್ಲ. ನೀ ಅಳ್ತಾ ಕುಂತಾಗ ಹೇಳಬೇಕಿತ್ತು. ತಪ್ಪಾತು."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅದರ ಬೆನ್ನಿಗೇ ಅಕ್ಕರೆ ಬಂದು ಸಿಟ್ಟನ್ನು ತಳ್ಳಿಬಿಟ್ಟಿತು. ದ್ಯಾಮವ್ವ ಎದ್ದು ನಾಣ್ಯವನ್ನು ಎತ್ತಿ, ಮುಖ ಮೇಲೆ ಮಾಡಿ, ಅವನ ಅಂಗೈಯಲ್ಲಿಟ್ಟಳು. "ನೋಡ್ರಿ ಆಚಾರ್ರ. ಕಣ್ ತುಂಬ ನೋಡ್ರಿ. ಯಾರು ಬ್ಯಾಡಂತಾರ?"

ಅವನು ನೋಡಿದ. ನನ್ನ ಭೂತಗನ್ನಡಿ ತಂದುಕೊಟ್ಟೆ. ಅಷ್ಟು ವರ್ಷ ಪಕ್ಕದ ಕಟ್ಟೆಯಲ್ಲೇ ಇದ್ದರೂ ಅದನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಹಿಡಿಸಿದೆ. ರಾಣಿಯ ಕಿವಿಯೋಲೆ ನೋಡಿದ, ಹಕ್ಕಿಯ ಗರಿ ಎಣಿಸಿದ, ಎರಡನೆಯ ಚಂದ್ರನನ್ನು ಕಂಡು ಮಗುವಿನ ಹಾಗೆ ನಕ್ಕ. "ಕೈ ಜಾರೈತಿ ಪಾಪ ಅಂವಗ!" ಎಂದ. ಅಷ್ಟರಲ್ಲಿ ದೂರದಲ್ಲಿ ರೈಲಿನ ಸಿಳ್ಳೆ ಕೇಳಿಸಿತು.

"ಶೆಣೈಯವ್ರು!" ಎಂದು ನಾನು ಕಿರುಚಿದೆ.

ಆಮೇಲೆ ನಡೆದದ್ದನ್ನು ಊರು ಇವತ್ತಿಗೂ ಹೇಳಿಕೊಂಡು ನಗುತ್ತದೆ. ಅಣ್ಣ ಚರ್ಮದ ಏಪ್ರನ್ ಕಟ್ಟಿಕೊಂಡೇ, ಮಸಿ ಹಿಡಿದ ಕೈಯಲ್ಲಿ ನಾಣ್ಯ ಹಿಡಿದು ಬೀದಿಗೆ ಬಿದ್ದ. ಅವನ ಹಿಂದೆ ದ್ಯಾಮವ್ವ, ಅವಳ ಹಿಂದೆ ಒಂದೇ ಚಪ್ಪಲಿಯಲ್ಲಿ ನಾನು. ಕೆಲಸದ ಹೊತ್ತಿನಲ್ಲಿ ಕುಲುಮೆ ಬಿಟ್ಟು ಕದಲದ ಮೌನೇಶಾಚಾರಿ ಓಡುವುದನ್ನು ಕಂಡು, ಎಲ್ಲಿಯೋ ಬೆಂಕಿ ಬಿದ್ದಿದೆ ಎಂದುಕೊಂಡು ಇಬ್ಬರು ಕೊಡ ಹಿಡಿದು ಹಿಂದೆ ಓಡಿಬಂದರು. ನಿಲ್ದಾಣದಲ್ಲಿ ಶೆಣೈಯವರು ಒಂದು ಕಾಲು ರೈಲಿನ ಮೆಟ್ಟಿಲ ಮೇಲೆ ಇಟ್ಟಾಗಿತ್ತು. ಅಣ್ಣ ಅವರ ಪೆಟ್ಟಿಗೆಯನ್ನು ಹಿಡಿದು ಎಳೆದ. "ಸ್ವಾಮೀ, ಇನ್ನ ಮೂರ ದಿನ. ತಪ್ಪು ನನ್ನದು. ಬಾಯಿಬಿಟ್ಟು ಹೇಳಾಗೈತಿ" ಎಂದು ಏದುಸಿರು ಬಿಟ್ಟ. ಶೆಣೈಯವರು ಅವನ ಮುಖವನ್ನೂ, ನಾಣ್ಯದ ಅಂಚನ್ನು ಮಾತ್ರ ಹಿಡಿದಿದ್ದ ಆ ಎರಡು ಬೆರಳುಗಳನ್ನೂ ನೋಡಿದರು. "ನೋಡ್ಲಿಕ್ಕೆ ಕಲ್ತಿರಿ ಮಾರಾಯ್ರೆ" ಎಂದು ಕಾಲು ಕೆಳಗಿಳಿಸಿದರು. ಗಾಡಿ ಅವರನ್ನು ಬಿಟ್ಟು ಹೋಯಿತು.

ನಾಣ್ಯವನ್ನು ಶೆಣೈಯವರ ಗವಸಿನ ಕೈಗೆ ಅಣ್ಣನೇ ಕೊಟ್ಟ. ಅವರ ಪೆಟ್ಟಿಗೆ ಮುಚ್ಚುವವರೆಗೂ ನೋಡುತ್ತಿದ್ದ, ಮುಚ್ಚಿದ ಮೇಲೆ ಒಂದು ಸಲ ಉದ್ದಕ್ಕೆ ಉಸಿರು ಬಿಟ್ಟ.

ಮೂರನೆಯ ಬೆಳಿಗ್ಗೆ ಬಿದ್ದದ್ದು ಹರಾಜಿನ ದಿನವೇ, ಬುಧವಾರ. ಹರಾಜು ಒಂಬತ್ತಕ್ಕೆ. ಗಿರಣಿಯ ಸೈರನ್ ಎಂಟಕ್ಕೆ ಕೂಗುತ್ತದೆ, ಅದು ಕೂಗುವ ತನಕ ನಾಣ್ಯ ಬರುವ ಭಯವಿರುತ್ತದೆ. ಆರು ಗಂಟೆಯಿಂದಲೇ ನಾವು ಮೂವರೂ ಅಡುಗೆಮನೆಯನ್ನು ತಲೆಕೆಳಗು ಮಾಡಲು ಹತ್ತಿದೆವು. ಉಪ್ಪು, ಕಾಫಿ ಪುಡಿ, ಜೀರಿಗೆ, ತೊಗರಿಬೇಳೆ ಎಲ್ಲವನ್ನೂ ಸುರಿದೆವು. ದಿಂಬುಗಳನ್ನು ಬಿಚ್ಚಿದೆವು, ಹತ್ತಿ ಮನೆ ತುಂಬ ಹಾರಾಡಿತು. ಜೀವಮಾನವೆಲ್ಲ ಚಿನ್ನದ ನಡುವೆ ಬೆಳೆದ ನಾನು, ಚಿನ್ನ ಸಿಗದಿರಲಪ್ಪ ಎಂದು ಬೇಡಿಕೊಂಡದ್ದು ಅದೇ ಮೊದಲು. ಪ್ರತಿ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಆಚಾರ್ರ, ಮನಸಿನ್ಯಾಗ ಏನೂ ಇಲ್ಲ ಹೌದಿಲ್ಲೋ? ಖರೇ ಹೇಳ್ರಿ!" ಎಂದು ದ್ಯಾಮವ್ವ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು.

"ನೋಡೂದು ಆಗೈತವ್ವಾ. ಇನ್ನ ಅದು ಎಲ್ಲಿದ್ದರೂ ಆದೀತು" ಎಂದ ಅಣ್ಣ.

ಸೈರನ್ ಕೂಗಿತು. ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಆಗ ಬೀದಿಯಿಂದ "ಉಂಟು! ಉಂಟು! ಇಲ್ಲೇ ಉಂಟು!" ಎಂಬ ಕೂಗು ಕೇಳಿಸಿತು. ಶೆಣೈಯವರು ಪಂಚೆ ಎತ್ತಿ ಕಟ್ಟಿ, ಪೆಟ್ಟಿಗೆಯನ್ನು ತಲೆಯ ಮೇಲೆ ಹಿಡಿದು ಓಡಿ ಬರುತ್ತಿದ್ದರು. ದ್ಯಾಮವ್ವ ನನ್ನನ್ನು ತಬ್ಬಿಕೊಂಡ ರಭಸಕ್ಕೆ ಇಬ್ಬರೂ ತೊಗರಿಬೇಳೆಯ ಮೇಲೆ ಜಾರಿ ಬಿದ್ದೆವು.

ಶೆಣೈಯವರು ಅಲ್ಲೇ ಹಣ ಎಣಿಸಿಕೊಟ್ಟರು. ಹರಾಜಿನ ವಿಷಯ ಹೆಚ್ಚು ಹೇಳುವಂಥದ್ದೇನಿಲ್ಲ. ಗುಜರಿ ವ್ಯಾಪಾರಿ ಬಸ್ಸಿನ ಸುತ್ತ ಓಡಾಡಿ, ಗಾಲಿಗೆ ಒದ್ದು, ತೂಕಕ್ಕೆ ಎಷ್ಟಾಗುತ್ತದೋ ಅಷ್ಟು ಕೂಗಿದ. ದ್ಯಾಮವ್ವ ಅದರ ಮೇಲೆ ಕೂಗಿದಳು. ಅವನು ಸ್ವಲ್ಪ ಏರಿಸಿದ. ಇವಳು ಮತ್ತೆ ಏರಿಸಿದಳು. "ಈ ಡಬ್ಬಾಕ್ಕ ಅಷ್ಟ್ಯಾಕ ಕೊಡ್ತೀಯವ್ವಾ? ಇದರಾಗ ಅಷ್ಟು ಕಬ್ಬಿಣ ಇಲ್ಲ!" ಎಂದು ಅವನು ನಕ್ಕ. ಯಾರೂ ನಿರೀಕ್ಷಿಸದ ಹಾಗೆ ಅಣ್ಣ ಮುಂದೆ ಬಂದು, "ಬಸ್ಸಿಗೆ ರೇಟು ಕೂಗು, ಕಬ್ಬಿಣಕ್ಕಲ್ಲ" ಎಂದು ಗದರಿದ. ವ್ಯಾಪಾರಿ ಕೈಚೆಲ್ಲಿದ. ಬಸ್ಸು ದ್ಯಾಮವ್ವನದಾಯಿತು.

ಅವಳು ಕೂಡಲೇ ಹತ್ತಲಿಲ್ಲ. ಹೊರಗೆ ನಿಂತು ಸೆರಗಿನಿಂದ ಕನ್ನಡಿ ಒರೆಸಿದಳು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. ನಿಂಗಪ್ಪ ಇನ್ನೂ ಕಂಕುಳಲ್ಲೇ ಇಟ್ಟುಕೊಂಡಿದ್ದ ಕೈಗಳನ್ನು ತೆಗೆದು ಅವಳಿಗೆ ಬಾಗಿಲು ತೆರೆದ. ನಾವೆಲ್ಲ ಹತ್ತಿದೆವು. ಶೆಣೈಯವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಅಣ್ಣ ಕಿಟಕಿಯ ಪಕ್ಕ ಕೂತ. ನೋಡಲು ಬಂದಿದ್ದ ಜನರೂ ಹತ್ತಿದರು, ಕೂ ಎಂದು ಕೇಕೆ ಹಾಕಿದರು. ಎಂಜಿನ್ ಒಮ್ಮೆ ಕೆಮ್ಮಿ ಶುರುವಾಯಿತು. ಬಾವಿ ದಾಟಿತು, ಶೆಡ್ಡು ದಾಟಿತು, ಗೇಟಿನ ಹತ್ತಿರ ಬಂದು ನಿಂತುಬಿಟ್ಟಿತು.

ಕೆಟ್ಟಿತೇ ಎಂದು ಎಲ್ಲರೂ ಕತ್ತು ಚಾಚಿದೆವು. ನಾನು ಮುಂದೆ ಹೋಗಿ ನೋಡಿದೆ. ದ್ಯಾಮವ್ವನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು, ಎಂಜಿನ್ ಓಡುತ್ತಲೇ ಇತ್ತು. ಅವಳ ಕೆನ್ನೆಯ ಮೇಲೆ ನೀರು ಧಾರಾಕಾರ ಹರಿಯುತ್ತಿತ್ತು, ಬಾಯಿ ಕಿವಿಯವರೆಗೆ ನಗುತ್ತಿತ್ತು.

"ಅಕ್ಕಾ, ಇಲ್ಲಿಂದಾಚೆ ನಾ ಇದನ್ನ ಒಯ್ದೇ ಇಲ್ಲ" ಎಂದಳು. "ಎಡಕ್ಕ ಹೊಳ್ಳಲೋ, ಬಲಕ್ಕ ಹೊಳ್ಳಲೋ?"

ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು. ಅರ್ಧ ಜನ ಎಡಕ್ಕೆ ಅಂದರು, ಅರ್ಧ ಜನ ಬಲಕ್ಕೆ ಅಂದರು. ಅಣ್ಣ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎಲ್ಲರಿಗಿಂತ ಜೋರಾಗಿ ಏನೋ ಕೂಗುತ್ತಿದ್ದ. ಆ ಗಲಾಟೆಯಲ್ಲಿ ಅದು ಯಾವ ಕಡೆ ಎಂದು ನನಗೆ ಕೇಳಿಸಲಿಲ್ಲ. ದ್ಯಾಮವ್ವ ಹಾರ್ನ್ ಒತ್ತಿದಳು, ಗೇಟು ದಾಟಿದೆವು.